ನೌಕರಿ ಹೋದರೂ ಕಾಯಕ ಹೋಗುವುದಿಲ್ಲ

(ಶ್ರೀಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನೀರಾವರಿ ಇಲಾಖೆಯ ನಿವೃತ್ತ ಎಂಜಿನಿಯರರೊಬ್ಬರು ನೀಡಿದ ಉಪನ್ಯಾಸದ ಬರಹರೂಪ)

 

ಈ ವೇದಿಕೆಯಲ್ಲಿ ಸಾಮಾನ್ಯವಾಗಿ ವಚನಗಳ ನಿರ್ವಚನ ನಡೆಯುತ್ತದೆ. ಅದಕ್ಕೆ ತಕ್ಕ ಅಧ್ಯಯನ ನನಗಿಲ್ಲ. ಮೂವತ್ತಮೂರು ವರ್ಷ ಕಾಲುವೆ, ತೂಬು, ಎಸ್ಟಿಮೇಟು ಎಂದು ಓಡಾಡಿದವನು ನಾನು. ಕಳೆದ ತಿಂಗಳು ಪೂಜ್ಯರು ನನ್ನನ್ನು ಕರೆದು ಹೀಗೆ ಹೇಳಿದರು: "ದರ್ಶನಕ್ಕೆ ಬರುವವರಲ್ಲಿ ಬಹಳ ಮಂದಿ ಈಗ ನೌಕರಿಯ ಮಾತೇ ಆಡುತ್ತಾರೆ. ಕೆಲವರಿಗೆ ಸಿಕ್ಕಿಲ್ಲ, ಕೆಲವರಿಗೆ ಇದ್ದದ್ದು ಹೋಗಿದೆ. ನಾವು ಆಶೀರ್ವಾದ ಮಾಡುತ್ತೇವೆ, ಒಂದು ಪತ್ರ ಬರೆದು ಕೊಡುತ್ತೇವೆ. ಆದರೆ ನಾಳೆ ಬೆಳಿಗ್ಗೆ ಎದ್ದು ಅವರು ಏನು ಮಾಡಬೇಕು? ಅದನ್ನು ನೀವು ಹೇಳಿರಿ." ಗುರುಗಳ ಅಪ್ಪಣೆ. ಅದಕ್ಕೇ ಇಂದು ನೌಕರಿ ಹುಡುಕುವ ವಿಷಯವನ್ನು, ನನಗೆ ತಿಳಿದಷ್ಟು, ನಿಮ್ಮ ಮುಂದೆ ಇಡುತ್ತೇನೆ.

ಮೊದಲು ನನ್ನ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಅದನ್ನು ಹೇಳದೆ ಬೇರೆಯವರಿಗೆ ಬುದ್ಧಿ ಹೇಳುವ ಅಧಿಕಾರ ನನಗಿಲ್ಲ.

ನನ್ನ ಮಗ ಮೆಕ್ಯಾನಿಕಲ್ ಎಂಜಿನಿಯರ್. ಪುಣೆಯ ಒಂದು ವಾಹನ ಬಿಡಿಭಾಗಗಳ ಕಾರ್ಖಾನೆಯ ಖರೀದಿ ವಿಭಾಗದಲ್ಲಿ ಹನ್ನೆರಡು ವರ್ಷ ದುಡಿದ. 2019ರಲ್ಲಿ ವಾಹನಗಳ ಮಾರಾಟ ಬಿದ್ದು ಆ ಉದ್ಯಮಕ್ಕೆಲ್ಲ ಪೆಟ್ಟು ಬಿತ್ತಲ್ಲ, ಆಗ ಅವನ ವಿಭಾಗವನ್ನು ಅರ್ಧಕ್ಕೆ ಇಳಿಸಿದರು. ಆಗಸ್ಟ್ ತಿಂಗಳಲ್ಲಿ ಅವನ ನೌಕರಿ ಹೋಯಿತು. ನಮಗೆ ಗೊತ್ತಾದದ್ದು ದೀಪಾವಳಿಗೆ. ಅಲ್ಲಿಯವರೆಗೆ ಅವನು ದಿನಾಲು ಬೆಳಿಗ್ಗೆ ಎಂಟಕ್ಕೆ ಊಟದ ಡಬ್ಬಿ ತೆಗೆದುಕೊಂಡು ಮನೆಯಿಂದ ಹೊರಡುತ್ತಿದ್ದ. ಯಾವುದೋ ಉದ್ಯಾನದಲ್ಲಿ ಕೂತು ಸಂಜೆ ಮರಳುತ್ತಿದ್ದ. ಮೊದಲ ಒಂದು ತಿಂಗಳು ಸೊಸೆಗೂ ಹೇಳಿರಲಿಲ್ಲ.

ಇದು ಅವನ ತಪ್ಪು. ನನ್ನದು ಇದಕ್ಕಿಂತ ದೊಡ್ಡದು. ಆ ಡಿಸೆಂಬರ್‌ನಲ್ಲಿ ಬೆಳಗಾವಿಯಲ್ಲಿ ನಮ್ಮ ಸಂಬಂಧಿಕರ ಮದುವೆ ಇತ್ತು. ಹೋಗುವ ಮುಂಚೆ ನಾನು ಮಗನಿಗೆ ಹೇಳಿದೆ: "ಯಾರಾದರೂ ಕೇಳಿದರ ಅಲ್ಲೇ ಅದೀನಿ ಅನ್ನು. ನಾಲ್ಕು ಮಂದಿಯೊಳಗ ಮರ್ಯಾದಿ ಪ್ರಶ್ನಿ." ಅವನು ಹಾಗೆಯೇ ಹೇಳಿದ. ಊಟದ ಪಂಕ್ತಿಯಲ್ಲಿ ಅವನ ಪಕ್ಕಕ್ಕೆ ಕುಳಿತಿದ್ದವರು ಬೀಗರ ಕಡೆಯ ಒಬ್ಬ ಹಿರಿಯರು. ಉದ್ಯಮಬಾಗದಲ್ಲಿ ಅವರದೊಂದು ಫೌಂಡ್ರಿ ಇದೆ. "ಹೆಂಗದ ತಮ್ಮಾ ನೌಕರಿ?" ಎಂದರು. "ಚಲೋ ಅದರೀ ಕಾಕಾ" ಎಂದ ನನ್ನ ಮಗ. ಅಲ್ಲಿಗೆ ಮಾತು ಮುಗಿಯಿತು.

ಫೆಬ್ರುವರಿಯಲ್ಲಿ ಅದೇ ಹಿರಿಯರು ನನಗೆ ಸಿಕ್ಕಾಗ, ತಡೆಯಲಾಗದೆ ನಿಜ ಹೇಳಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು: "ಪುಣೆಯ ಕಂಪನಿಗಳಿಗೆ ನಾವು ಎರಕ ಕಳಿಸುತ್ತೇವೆ. ಅಲ್ಲಿಯ ಖರೀದಿ ವಿಭಾಗದಲ್ಲಿ ಕೆಲಸ ಮಾಡಿದ ಒಬ್ಬರನ್ನು ಮೂರು ತಿಂಗಳಿಂದ ಹುಡುಕುತ್ತಿದ್ದೆ. ಜನವರಿಯಲ್ಲಿ ಒಬ್ಬರನ್ನು ತೆಗೆದುಕೊಂಡೆ. ಅವತ್ತು ಪಂಕ್ತಿಯಲ್ಲಿ ಹೇಳಿದ್ದರೆ!" ಅವರು ಬೇರೆ ಇಬ್ಬರ ಹೆಸರು ಕೊಟ್ಟರು. ಮಾತುಕತೆ ಶುರುವಾಗುವಷ್ಟರಲ್ಲಿ ಮಾರ್ಚ್ 24 ಬಂತು, ಇಡೀ ದೇಶಕ್ಕೆ ಬೀಗ ಬಿತ್ತು. ಮಗನಿಗೆ ಮತ್ತೆ ನೌಕರಿ ಸಿಕ್ಕಿದ್ದು 2020ರ ಆಗಸ್ಟ್‌ನಲ್ಲಿ. ನಾನು ಹೇಳಿಸಿದ ಒಂದು ಸುಳ್ಳಿಗೆ ಅವನು ತೆತ್ತದ್ದು ಎಂಟು ತಿಂಗಳು.

ಈ ಎಂಟು ತಿಂಗಳಲ್ಲಿ ನಾನು ಬಹಳ ಯೋಚನೆ ಮಾಡಿದೆ. ಪ್ರತಿ ಬಸವ ಜಯಂತಿಗೆ ಕಾಯಕದ ಮೇಲೆ ಭಾಷಣ ಮಾಡಿದವನು ನಾನು. ಮಗನ ನೌಕರಿ ಹೋದಾಗ ನನಗೆ ನಾಚಿಕೆ ಯಾಕೆ ಬಂತು? ಅವನು ಕದ್ದಿರಲಿಲ್ಲ, ಯಾರಿಗೂ ಮೋಸ ಮಾಡಿರಲಿಲ್ಲ. ಉತ್ತರ ಸಿಕ್ಕಿದ್ದು ಇಷ್ಟು: ಬಾಯಲ್ಲಿ ಕಾಯಕ ಎನ್ನುತ್ತಿದ್ದೆ, ಮನಸ್ಸಿನಲ್ಲಿ ಪೂಜೆ ಮಾಡುತ್ತಿದ್ದದ್ದು ಹುದ್ದೆಯನ್ನು.

ಬಂಧುಗಳೇ, ನೌಕರಿ ಬೇರೆ, ಕಾಯಕ ಬೇರೆ. ನೌಕರಿಯನ್ನು ಇನ್ನೊಬ್ಬರು ಕೊಡುತ್ತಾರೆ, ಅವರೇ ತೆಗೆದುಕೊಳ್ಳಲೂಬಹುದು. ಕಾಯಕ ನಮ್ಮ ಕೈಯಲ್ಲಿ, ನಮ್ಮ ತಿಳಿವಳಿಕೆಯಲ್ಲಿ ಇರುತ್ತದೆ. ನನ್ನ ಮಗನ ಖರೀದಿ ವಿದ್ಯೆಯನ್ನು ಪುಣೆಯ ಕಾರ್ಖಾನೆ ಕಿತ್ತುಕೊಳ್ಳಲಿಲ್ಲ. ಅದು ಅವನ ಹತ್ತಿರವೇ ಇತ್ತು. ನಾವೇ ಅದನ್ನು ಮುಚ್ಚಿಟ್ಟೆವು.

ಮೋಳಿಗೆಯ ಮಾರಯ್ಯನವರ ಕಥೆ ನಿಮಗೆಲ್ಲ ಗೊತ್ತು. ಕಾಶ್ಮೀರದ ಅರಸೊತ್ತಿಗೆ ಬಿಟ್ಟು ಕಲ್ಯಾಣಕ್ಕೆ ಬಂದು ಕಟ್ಟಿಗೆ ಹೊರೆ ಮಾರಿದರು ಎಂದು ನಮ್ಮ ಪರಂಪರೆ ಹೇಳುತ್ತದೆ. ಅರಸನಾಗಿದ್ದವನು ಕಟ್ಟಿಗೆ ಹೊತ್ತನೆಂದು ಕಲ್ಯಾಣದಲ್ಲಿ ಯಾರೂ ಅವರನ್ನು ಕೀಳಾಗಿ ಕಾಣಲಿಲ್ಲ. ಅನುಭವ ಮಂಟಪದಲ್ಲಿ ನೇಯುವವರು, ದೋಣಿ ನಡೆಸುವವರು, ಬಟ್ಟೆ ಒಗೆಯುವವರು, ಹಗ್ಗ ಹೊಸೆಯುವವರು ಒಟ್ಟಿಗೆ ಕುಳಿತಿದ್ದರು. ನಾವು ಏನು ಮಾಡಿದೆವು? ಆ ಕಾಯಕಗಳ ಹೆಸರಿನಲ್ಲೇ ಒಳಪಂಗಡ ಕಟ್ಟಿಕೊಂಡೆವು. ಈಗ ಕನ್ಯಾ ಕೊಡುವಾಗ "ಹುಡುಗ ಸರ್ಕಾರಿ ನೌಕರಿಯೊಳಗ ಅದಾನೇನ್ರಿ?" ಎಂದು ಕೇಳುತ್ತೇವೆ. ಹತ್ತು ಎಕರೆ ಒಕ್ಕಲುತನ ಮಾಡುವ ಹುಡುಗನಿಗೆ, ಸ್ವಂತ ವರ್ಕ್‌ಶಾಪ್ ಇಟ್ಟವನಿಗೆ ಹೆಣ್ಣು ಸಿಗುವುದಿಲ್ಲ. ಇದನ್ನು ಮೊದಲು ತಿದ್ದಿಕೊಳ್ಳದೆ ತರುಣರಿಗೆ "ಯಾವ ಕೆಲಸವಾದರೂ ಮಾಡು" ಎಂದರೆ ಅವರು ಯಾಕೆ ನಂಬಬೇಕು?

ಇನ್ನು ಪ್ರಯೋಗದ ಮಾತಿಗೆ ಬರುತ್ತೇನೆ. ನಾನು ಎಂಜಿನಿಯರ್, ಏರಿ ಒಡೆದರೆ ಅಳುತ್ತ ಕೂಡಲಾಗದು, ಮೊದಲು ಎಲ್ಲಿ ಎಷ್ಟು ಒಡೆದಿದೆ ಎಂದು ಅಳೆಯಬೇಕು.

ನೌಕರಿ ಹೋದ ಮೊದಲ ವಾರದಲ್ಲಿ ಮಾಡಬೇಕಾದದ್ದು ಮೂರು. ಒಂದು, ಮನೆಯವರಿಗೆಲ್ಲ ಹೇಳುವುದು. ಹೆಂಡತಿ, ತಂದೆ-ತಾಯಿ, ತಿಳಿವಳಿಕೆ ಬಂದ ಮಕ್ಕಳು, ಎಲ್ಲರನ್ನೂ ಕೂಡಿಸಿಕೊಂಡು ಒಂದು ವಹಿ ತೆಗೆಯಿರಿ. ಕೈಯಲ್ಲಿ ಎಷ್ಟಿದೆ, ತಿಂಗಳಿಗೆ ಬಾಡಿಗೆ, ಸಾಲದ ಕಂತು, ಶಾಲೆಯ ಶುಲ್ಕ, ಔಷಧಿಗೆ ಎಷ್ಟು ಬೇಕು, ಹೀಗೆ ಎಷ್ಟು ತಿಂಗಳು ನಡೆಯುತ್ತದೆ ಎಂದು ಬರೆಯಿರಿ. ಕಂತು ಕಟ್ಟಲು ಆಗುವುದಿಲ್ಲ ಎನಿಸಿದರೆ, ತಪ್ಪಿದ ಮೇಲೆ ಅಡಗಿಕೊಳ್ಳುವ ಬದಲು, ತಪ್ಪುವ ಮುಂಚೆಯೇ ಬ್ಯಾಂಕಿಗೆ ಹೋಗಿ ವ್ಯವಸ್ಥಾಪಕರೊಂದಿಗೆ ಮಾತಾಡಿರಿ. ಚಿನ್ನ ಮಾರಬೇಕೇ, ಹೊಲ ಮಾರಬೇಕೇ ಎಂಬ ನಿರ್ಧಾರವನ್ನು ಮೊದಲ ತಿಂಗಳಲ್ಲಿ ಮಾಡಲೇಬೇಡಿರಿ. ಗಾಬರಿಯಲ್ಲಿ ಮಾರಿದ ಹೊಲ ಮರಳಿ ಬರುವುದಿಲ್ಲ.

ಎರಡು, ಕಾಗದಪತ್ರ. ಬಿಡುಗಡೆ ಪತ್ರ, ಅನುಭವ ಪತ್ರ, ಕೊನೆಯ ಕೆಲವು ತಿಂಗಳ ವೇತನ ಚೀಟಿ, ಇವನ್ನು ಹೊರಬೀಳುವ ಮುಂಚೆಯೇ ಕೈಗೆ ತೆಗೆದುಕೊಳ್ಳಿರಿ. ಸಿಟ್ಟಿನಿಂದ ಜಗಳವಾಡಿ ಬಂದರೆ ಆಮೇಲೆ ಈ ಕಾಗದಗಳಿಗಾಗಿ ಅಲೆಯಬೇಕಾಗುತ್ತದೆ. ಐದು ವರ್ಷ ಸತತ ದುಡಿದವರಿಗೆ, ವರ್ಷವೊಂದಕ್ಕೆ 15 ದಿನದ ವೇತನದ ಲೆಕ್ಕದಲ್ಲಿ ಗ್ರಾಚ್ಯುಯಿಟಿ ಬರಬೇಕು. ಅದು ಕಾನೂನಿನ ಹಕ್ಕು, ಮಾಲೀಕರ ದಯೆ ಏನಲ್ಲ. ಕೇಳಿ ಪಡೆಯಿರಿ.

ಮೂರು, ಭವಿಷ್ಯನಿಧಿ, ನಾವು ಪಿ.ಎಫ್. ಎನ್ನುವುದು. ನೌಕರಿ ಬಿಟ್ಟ ಕೂಡಲೇ ಅದನ್ನು ಬಿಡಿಸಿಕೊಳ್ಳುವ ಚಟ ನಮ್ಮ ಹುಡುಗರಿಗಿದೆ. ಅದರೊಳಗೆ ಪಿಂಚಣಿಯ ಭಾಗವೂ ಒಂದಿದೆ. ಒಟ್ಟು ಹತ್ತು ವರ್ಷ ಸೇವೆ ತುಂಬಿದವರಿಗೆ 58ನೇ ವಯಸ್ಸಿನಿಂದ ತಿಂಗಳ ಪಿಂಚಣಿಗೆ ಅರ್ಹತೆ ಬರುತ್ತದೆ. ಆರು ವರ್ಷ ದುಡಿದು ಎಲ್ಲವನ್ನೂ ಬಿಡಿಸಿಕೊಂಡರೆ ಆ ಆರು ವರ್ಷದ ಲೆಕ್ಕ ಅಲ್ಲಿಗೇ ಮುಗಿಯಿತು. ಅದೇ ಯು.ಎ.ಎನ್. ಸಂಖ್ಯೆಯಲ್ಲಿ ಹೊಸ ನೌಕರಿಗೆ ವರ್ಗಾಯಿಸಿಕೊಂಡರೆ ಸೇವೆ ಮುಂದುವರಿಯುತ್ತದೆ. ಮನೆಯ ಒಲೆ ಉರಿಯಲೇಬೇಕು ಎಂಬ ಹೊತ್ತು ಬರುವವರೆಗೆ ಅದನ್ನು ಮುಟ್ಟಬೇಡಿರಿ.

ಮುಂದಿನ ಹೆಜ್ಜೆಯೇ ಎಲ್ಲಕ್ಕಿಂತ ಮುಖ್ಯ: ಊರಿಗೆಲ್ಲ ತಿಳಿಸುವುದು. ಸಂಕೋಚ ಬಿಟ್ಟು ಹೇಳಬೇಕು, ಆದರೆ ಹೇಳುವ ರೀತಿ ಇದೆ. "ಏನರ ಒಂದ ಕೆಲಸ ಇದ್ದರ ನೋಡ್ರಿ" ಎಂದರೆ ಕೇಳಿದವರು "ಆಯ್ತು ನೋಡೋಣ" ಎಂದು ಅಲ್ಲೇ ಮರೆಯುತ್ತಾರೆ. ಅವರ ತಲೆಯಲ್ಲಿ ಯಾವ ಚಿತ್ರವೂ ಮೂಡುವುದಿಲ್ಲ. ಅದರ ಬದಲು ಹೀಗೆ ಹೇಳಿ ನೋಡಿರಿ: "ಸಿಮೆಂಟ್ ಗೋದಾಮಿನಲ್ಲಿ ಏಳು ವರ್ಷ ಸ್ಟಾಕ್ ನೋಡಿಕೊಂಡಿದ್ದೇನೆ, ಟ್ಯಾಲಿ ಬರುತ್ತದೆ, ಜಿ.ಎಸ್.ಟಿ. ಬಿಲ್ ಮಾಡುತ್ತೇನೆ, ಹುಬ್ಬಳ್ಳಿ-ಧಾರವಾಡ ಸುತ್ತ ಎಲ್ಲಿಗಾದರೂ ಬರುತ್ತೇನೆ. ಇಂಥ ಮನುಷ್ಯ ಬೇಕಾದವರು ನಿಮಗೆ ಯಾರಾದರೂ ಗೊತ್ತೇ?" ಈಗ ಕೇಳಿದವರಿಗೆ ಒಂದಿಬ್ಬರ ಹೆಸರು ಹೊಳೆಯುತ್ತದೆ. ನೌಕರಿ ಕೊಡಿ ಎಂದರೆ ಅವರ ಮೇಲೆ ಭಾರ ಬೀಳುತ್ತದೆ. ಒಂದು ಹೆಸರು ಹೇಳಿ ಎಂದರೆ ಯಾರಿಗೂ ಭಾರವಲ್ಲ.

ಯಾರಿಗೆ ಹೇಳಬೇಕು? ನಲವತ್ತು ಹೆಸರಿನ ಪಟ್ಟಿ ಮಾಡಿರಿ. ಹಳೆಯ ಸಹೋದ್ಯೋಗಿಗಳು, ಸಾಮಾನು ಪೂರೈಸುತ್ತಿದ್ದ ವ್ಯಾಪಾರಿಗಳು, ಕಾಲೇಜಿನ ಗುರುಗಳು, ಸಹಪಾಠಿಗಳು, ಬ್ಯಾಂಕಿನವರು, ಲೆಕ್ಕಪರಿಶೋಧಕರು, ಟ್ರಾನ್ಸ್‌ಪೋರ್ಟಿನವರು. ಹತ್ತಿರದ ನೆಂಟರಿಗಿಂತ ದೂರದ ಪರಿಚಯದವರು ಇಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತಾರೆ. ಮಾರ್ಕ್ ಗ್ರನೊವೆಟರ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞರು ಬಾಸ್ಟನ್ ಸಮೀಪದ ಒಂದು ಊರಿನಲ್ಲಿ ನೌಕರಿ ಬದಲಿಸಿದವರನ್ನು ವಿಚಾರಿಸಿ 1973ರಲ್ಲಿ ಈ ಮಾತನ್ನು ಬರೆದರು. ಪರಿಚಯದವರ ಮೂಲಕ ನೌಕರಿ ಕಂಡುಕೊಂಡವರಲ್ಲಿ ಹೆಚ್ಚಿನವರಿಗೆ ಆ ಸುದ್ದಿ ಬಂದದ್ದು ದಿನಾಲು ಕಾಣುವ ಸ್ನೇಹಿತರಿಂದ ಅಲ್ಲ, ಯಾವಾಗಲೋ ಒಮ್ಮೆ ಸಿಗುವವರಿಂದ. ಕಾರಣ ಸರಳ. ನಮ್ಮ ಮನೆಯವರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ದೂರದವರಿಗೆ ಗೊತ್ತಿರುವುದೇ ಬೇರೆ. ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತ ಆ ಹಿರಿಯರನ್ನು ನೆನೆಯಿರಿ.

ಇನ್ನು ಬಯೋಡೇಟಾ. ಎಂಜಿನಿಯರಿಂಗ್ ಇಲಾಖೆಗಳಲ್ಲಿ ಮೆಜರ್‌ಮೆಂಟ್ ಬುಕ್ ಎಂದು ಒಂದು ಇರುತ್ತದೆ, ನಾವು ಎಂ.ಬಿ. ಎನ್ನುತ್ತೇವೆ. ಗುತ್ತಿಗೆದಾರ ಎಷ್ಟೇ ಕೆಲಸ ಮಾಡಿರಲಿ, ಎಂ.ಬಿ.ಯಲ್ಲಿ ಅಳತೆ ಬರೆಯದಿದ್ದರೆ ಬಿಲ್ ಆಗುವುದಿಲ್ಲ. ಅಲ್ಲಿ "ಕೆಲಸ ಚೆನ್ನಾಗಿ ಮಾಡಿದ್ದಾನೆ" ಎಂದು ಬರೆಯುವಂತಿಲ್ಲ. ಉದ್ದ, ಅಗಲ, ಆಳ ಬರೆಯಬೇಕು. ಬರೆದದ್ದನ್ನು ಅಳಿಸುವಂತಿಲ್ಲ. ತಪ್ಪಾದರೆ ಕಾಣುವಂತೆ ಗೆರೆ ಹೊಡೆದು ಸಹಿ ಮಾಡಿ ತಿದ್ದಬೇಕು. ನಿಮ್ಮ ಬಯೋಡೇಟಾ ಒಂದು ಎಂ.ಬಿ. ಆಗಿರಲಿ.

ಮಠಕ್ಕೆ ಬಂದ ಇಪ್ಪತ್ತು ಬಯೋಡೇಟಾಗಳನ್ನು ಪೂಜ್ಯರು ನನಗೆ ತೋರಿಸಿದರು. ಎಲ್ಲದರಲ್ಲೂ ಪರಿಶ್ರಮಿ, ಪ್ರಾಮಾಣಿಕ, ಎಲ್ಲರೊಡನೆ ಹೊಂದಿಕೊಳ್ಳುವವನು ಎಂದಿದೆ. ತಂದೆಯ ಹೆಸರು, ಹವ್ಯಾಸ, ಕ್ರಿಕೆಟ್ ನೋಡುವುದು ಎಂದಿದೆ. ಮಾಡಿದ ಕೆಲಸದ ಅಳತೆ ಮಾತ್ರ ಎಲ್ಲಿಯೂ ಇಲ್ಲ. ಒಬ್ಬ ಹುಡುಗ "ಸೈಟ್ ಸೂಪರ್‌ವೈಸರ್, ಎರಡು ವರ್ಷ" ಎಂದಷ್ಟೇ ಬರೆದಿದ್ದ. ಅವನನ್ನು ಕೂಡಿಸಿಕೊಂಡು ಕೇಳಿದೆ. ಎಷ್ಟು ಮನೆ? ಹದಿನಾಲ್ಕು. ನಿನ್ನ ಕೈಕೆಳಗೆ ಎಷ್ಟು ಆಳು? ಇಪ್ಪತ್ತೆರಡು. ಕಬ್ಬಿಣದ ಲೆಕ್ಕ ಯಾರು ಬರೆಯುತ್ತಿದ್ದರು? ನಾನೇ. ಲೆವೆಲ್ ಹಿಡಿಯಲು ಬರುತ್ತದೆಯೇ? ಆಟೋ ಲೆವೆಲ್ ಬರುತ್ತದೆ. ಇಷ್ಟೆಲ್ಲ ಇಟ್ಟುಕೊಂಡು ಒಂದು ಸಾಲಿನಲ್ಲಿ ಮುಗಿಸಿದ್ದ! ಒಂದೇ ಪುಟ ಸಾಕು. ಮೇಲೆ ಹೆಸರು, ಫೋನ್ ನಂಬರ್, ಅದರ ಕೆಳಗೆ ನಿಮಗೆ ಏನು ಮಾಡಲು ಬರುತ್ತದೆ, ಆಮೇಲೆ ಎಲ್ಲೆಲ್ಲಿ, ಎಷ್ಟು ಮಾಡಿದಿರಿ, ಕೊನೆಗೆ ಓದು. ಸುಳ್ಳು ಒಂದಕ್ಷರವೂ ಬೇಡ. ಕಳಿಸುವ ಮುಂಚೆ ಕೆಲಸದ ಜಾಹೀರಾತನ್ನು ಎರಡು ಸಲ ಓದಿರಿ. ಅವರು ಕೇಳಿದ ಕೆಲಸಕ್ಕೆ ನಿಮ್ಮ ಅನುಭವದಲ್ಲಿ ಯಾವುದು ಹೊಂದುತ್ತದೋ ಅದನ್ನು ಮೇಲಕ್ಕೆ ತನ್ನಿರಿ.

ಸಂದರ್ಶನದ ಬಗ್ಗೆ ನಾಲ್ಕು ಮಾತು. ಮೇಜಿನ ಆಚೆ ಬದಿಯಲ್ಲಿ ನಾನು ಹಲವು ಸಲ ಕುಳಿತಿದ್ದೇನೆ. ಕುಳಿತವರಿಗೆ ಬೇಕಾದದ್ದು ಒಂದೇ: ನಾಳೆಯಿಂದ ಈ ಮನುಷ್ಯನ ಮೇಲೆ ಯಾವ ಕೆಲಸ ಬಿಟ್ಟು ನಾನು ನಿಶ್ಚಿಂತೆಯಾಗಿ ಇರಬಹುದು? ಅದಕ್ಕೆ ಉತ್ತರ ಕೊಡಿರಿ. ಹೋಗುವ ಮುಂಚೆ ಆ ಸಂಸ್ಥೆ ಏನು ತಯಾರಿಸುತ್ತದೆ, ಯಾರಿಗೆ ಮಾರುತ್ತದೆ ಎಂದು ತಿಳಿದುಕೊಳ್ಳಿರಿ. ನೀವು ಬಿಡಿಸಿದ ಎರಡು ಕಷ್ಟದ ಪ್ರಸಂಗಗಳನ್ನು ನೆನಪು ಮಾಡಿಕೊಂಡು, ಪ್ರತಿಯೊಂದನ್ನು ಎರಡು ನಿಮಿಷದಲ್ಲಿ ಹೇಳುವಂತೆ ಮನೆಯಲ್ಲಿ ಗಟ್ಟಿಯಾಗಿ ಹೇಳಿ ನೋಡಿರಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಿರಿ. ಹಳೆಯ ಮಾಲೀಕರನ್ನು ಬೈಯಬೇಡಿರಿ. ಕೇಳುವವರಿಗೆ ನಾಳೆ ನಮಗೂ ಇದೇ ಗತಿ ಎನಿಸುತ್ತದೆ. ನೌಕರಿ ಯಾಕೆ ಹೋಯಿತು ಎಂದು ಕೇಳಿದರೆ ಇದ್ದದ್ದನ್ನು ಎರಡು ವಾಕ್ಯದಲ್ಲಿ ಹೇಳಿ ಮುಂದಿನ ಮಾತಿಗೆ ಹೋಗಿರಿ.

ನಡುವಿನ ಖಾಲಿ ಕಾಲಕ್ಕೆ ಏನು ಹೇಳಬೇಕು? ಇಲ್ಲಿ ಮತ್ತೆ ನನ್ನ ಮಗನ ಮಾತು. ಲಾಕ್‌ಡೌನ್ ಸಮಯದಲ್ಲಿ ಅವನು ನಮ್ಮ ಊರಿನ ಮನೆಯಲ್ಲೇ ಇದ್ದ. ನಮ್ಮ ಓಣಿಯ ಕಿರಾಣಿ ಅಂಗಡಿಯವರಿಗೆ ಮಾಲು ಬರುವುದು ಕಷ್ಟವಾಗಿತ್ತು. ಇವನು ಹೋಗಿ ಅವರ ಗಲ್ಲದ ಪಕ್ಕ ಕುಳಿತು, ಯಾವ ಸಾಮಾನು ಎಷ್ಟು ದಿನಕ್ಕೆ ತೀರುತ್ತದೆ, ಯಾರಿಂದ ತರಿಸಬೇಕು ಎಂದು ಲೆಕ್ಕ ಹಾಕಿ, ಫೋನ್ ಮಾಡಿ ತರಿಸತೊಡಗಿದ. ನನಗೆ ಆಗಲೂ ಒಳಗೊಳಗೆ ಕಸಿವಿಸಿ. ಎಂಜಿನಿಯರ್ ಮಗ ಕಿರಾಣಿ ಅಂಗಡಿಯಲ್ಲಿ! ಮುಂದೆ ಹುಬ್ಬಳ್ಳಿಯ ಗೋಕುಲ ರಸ್ತೆಯ ಕಾರ್ಖಾನೆಯೊಂದರ ಸಂದರ್ಶನದಲ್ಲಿ "ಈ ಒಂದು ವರ್ಷ ಏನು ಮಾಡಿದಿರಿ?" ಎಂದು ಕೇಳಿದಾಗ ಅವನು ಇದನ್ನೇ ಹೇಳಿದ. ಅಲ್ಲಿದ್ದವರು ಹೆಚ್ಚು ಕೇಳಿದ್ದು ಪುಣೆಯ ಹನ್ನೆರಡು ವರ್ಷದ ಬಗ್ಗೆ ಅಲ್ಲವಂತೆ, ಆ ಅಂಗಡಿಯ ಬಗ್ಗೆ. ಮೋಳಿಗೆಯ ಮಾರಯ್ಯನವರ ಕಥೆಯನ್ನು ಎಷ್ಟೋ ವೇದಿಕೆಗಳಲ್ಲಿ ಹೇಳಿದ್ದ ನನಗೆ ಅದರ ಅರ್ಥ ಆದದ್ದು ಅವತ್ತು. ಕೈ ಖಾಲಿ ಇಟ್ಟುಕೊಳ್ಳಬೇಡಿರಿ. ದೊಡ್ಡ ಕೆಲಸ ಸಿಗುವವರೆಗೆ ಸಣ್ಣ ಕೆಲಸವನ್ನು ಚೊಕ್ಕವಾಗಿ ಮಾಡಿರಿ.

ವಯಸ್ಸಾಯಿತು, ಇನ್ನು ಯಾರು ತೆಗೆದುಕೊಳ್ಳುತ್ತಾರೆ ಎನ್ನುವ ನಲವತ್ತು ದಾಟಿದವರಿಗೆ ಒಂದು ಮಾತು. ಸರ್ ಎಂ. ವಿಶ್ವೇಶ್ವರಯ್ಯನವರು ಮುಂಬಯಿ ಸರ್ಕಾರದ ಸೇವೆ ಬಿಟ್ಟದ್ದು 1908ರಲ್ಲಿ, ಆಗ ಅವರಿಗೆ 47 ವರ್ಷ. ಮೈಸೂರಿನ ಮುಖ್ಯ ಎಂಜಿನಿಯರ್ ಆದದ್ದು ಮರುವರ್ಷ. ಕನ್ನಂಬಾಡಿ ಕಟ್ಟೆಗೆ, ದಿವಾನಗಿರಿಗೆ ನಾವು ಅವರನ್ನು ನೆನೆಯುತ್ತೇವೆ. ಅದೆಲ್ಲ ಆ ಮೇಲಿನದು.

ಈಗ ಸರ್ಕಾರಿ ಪರೀಕ್ಷೆಗಳಿಗೆ ಓದುತ್ತಿರುವ ತರುಣರಿಗೆ. ನಾನೇ ಸರ್ಕಾರಿ ನೌಕರಿಯ ಅನ್ನ ಉಂಡವನು, ಬೇಡ ಎನ್ನಲಾರೆ. ಆದರೆ ಧಾರವಾಡದಲ್ಲಿ, ಬೆಂಗಳೂರಿನ ವಿಜಯನಗರದಲ್ಲಿ ಖೋಲಿ ಮಾಡಿಕೊಂಡು ಎಂಟು-ಹತ್ತು ವರ್ಷ ಅದನ್ನೇ ಓದುತ್ತ ಕುಳಿತವರನ್ನು ಕಂಡಿದ್ದೇನೆ. ಕೇಂದ್ರದ ಸಿವಿಲ್ ಸೇವಾ ಪರೀಕ್ಷೆಗೇ ಸಾಮಾನ್ಯ ವರ್ಗದವರಿಗೆ 32 ವರ್ಷದ ಮಿತಿ, ಆರು ಸಲದ ಮಿತಿ ಇದೆ. ಸರ್ಕಾರವೇ ಮಿತಿ ಇಟ್ಟಿರುವಾಗ ನಿಮಗೂ ಒಂದು ಮಿತಿ ಇರಲಿ. ಎರಡು ವರ್ಷ ಪೂರ್ತಿ ಓದಿರಿ. ಆಗದಿದ್ದರೆ ಕೆಲಸಕ್ಕೆ ಸೇರಿ, ಕೆಲಸ ಮಾಡುತ್ತಲೇ ಮುಂದಿನ ಪರೀಕ್ಷೆ ಬರೆಯಿರಿ. ಈ ಮಿತಿಯನ್ನು ಇಂದೇ ಕಾಗದದ ಮೇಲೆ ಬರೆದು ತಾಯಿಯ ಕೈಯಲ್ಲಿ ಕೊಡಿರಿ.

ಓದು ಮುಗಿದು ಆರು ತಿಂಗಳಾದರೂ ಕೆಲಸ ಸಿಗದ ಪದವೀಧರರಿಗೆ ಯುವನಿಧಿಯಲ್ಲಿ ತಿಂಗಳಿಗೆ 3000, ಡಿಪ್ಲೊಮಾ ಆದವರಿಗೆ 1500 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ ಎಂದು ಯೋಜನೆ ಇದೆ. ಅರ್ಹರಾಗಿದ್ದರೆ ಪಡೆಯಿರಿ. ಅದು ಸಂದರ್ಶನಕ್ಕೆ ಹೋಗುವ ಬಸ್ಸಿನ ಖರ್ಚು, ಹೊಸದನ್ನು ಕಲಿಯುವ ಶುಲ್ಕ ಎಂದು ತಿಳಿಯಿರಿ. 1961ರ ಅಪ್ರೆಂಟಿಸ್ ಕಾಯ್ದೆಯಡಿ ಕಾರ್ಖಾನೆಗಳಲ್ಲಿ, ಸಾರ್ವಜನಿಕ ಉದ್ದಿಮೆಗಳಲ್ಲಿ ಭತ್ಯೆ ಸಹಿತ ತರಬೇತಿ ಸಿಗುತ್ತದೆ. ಐ.ಟಿ.ಐ., ಡಿಪ್ಲೊಮಾ, ಪದವಿ ಎಲ್ಲರಿಗೂ ಅವಕಾಶವಿದೆ. ಒಂದು ವರ್ಷದ ಆ ತರಬೇತಿ ಬಯೋಡೇಟಾದಲ್ಲಿ ಬರೆಯುವ ಮೊದಲ ಅಳತೆಯಾಗುತ್ತದೆ.

ಒಂದು ಎಚ್ಚರಿಕೆಯ ಮಾತು, ಇದನ್ನು ತಂದೆ-ತಾಯಂದಿರು ಕೇಳಬೇಕು. ನೌಕರಿ ಕೊಡಿಸುತ್ತೇನೆ ಎಂದು ಹಣ ಕೇಳುವವನು ಯಾರೇ ಇರಲಿ, ಅವನು ನೌಕರಿ ಕೊಡಿಸುವವನಲ್ಲ. ಠೇವಣಿ, ನೋಂದಣಿ, ತರಬೇತಿ ಶುಲ್ಕ, ಸಾಹೇಬರಿಗೆ ಕಾಣಿಕೆ, ಹೆಸರು ಏನಾದರೂ ಇರಬಹುದು. ಮಠಗಳ ಹೆಸರು ಹೇಳಿ ಹಣ ಎತ್ತುವವರೂ ಇದ್ದಾರೆ. ಪೂಜ್ಯರ ಪತ್ರಕ್ಕೆ ಒಂದು ರೂಪಾಯಿಯೂ ಇಲ್ಲ ಎಂಬುದು ನಿಮಗೆ ಗೊತ್ತಿರಲಿ. ಫೋನಿನಲ್ಲಿ ಮನೆಯಿಂದಲೇ ಕೆಲಸ ಎಂದು ಹೇಳಿ ಮೊದಲು ನೂರಿನ್ನೂರು ಕೊಟ್ಟು, ಆಮೇಲೆ ನಿಮ್ಮಿಂದಲೇ ಸಾವಿರಗಟ್ಟಲೆ ಕಟ್ಟಿಸಿಕೊಳ್ಳುವ ವಂಚನೆ ಈಗ ಹಳ್ಳಿಗೂ ಬಂದಿದೆ. ಹಣ ಹೋದರೆ ನಾಚಿಕೊಳ್ಳದೆ ಆ ಕ್ಷಣವೇ 1930ಕ್ಕೆ ಫೋನ್ ಮಾಡಿರಿ. ಬೇಗ ಹೇಳಿದಷ್ಟೂ ಹಣ ತಡೆಯುವ ಅವಕಾಶ ಹೆಚ್ಚು. ಕೊಲ್ಲಿ ದೇಶಗಳಿಗೆ ಹೋಗುವವರು, ಏಜೆಂಟ್ ವಿದೇಶಾಂಗ ಸಚಿವಾಲಯದಲ್ಲಿ ನೋಂದಾಯಿತನೋ ಎಂದು ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಿಕೊಳ್ಳಿರಿ. ನಿಯಮದಂತೆ ಅವನ ಸೇವಾ ಶುಲ್ಕ, ತೆರಿಗೆ ಬಿಟ್ಟು, 30,000 ರೂಪಾಯಿ ಮೀರುವಂತಿಲ್ಲ. ಪ್ರವಾಸಿ ವೀಸಾದ ಮೇಲೆ ಕೆಲಸಕ್ಕೆ ಕಳಿಸುತ್ತೇನೆ ಎಂದರೆ ಅಲ್ಲೇ ಎದ್ದು ಬನ್ನಿರಿ.

ಹಣ ಕೊಟ್ಟರೆ ನಿಜವಾಗಿಯೂ ನೌಕರಿ ಸಿಗುತ್ತದೆ ಎನ್ನುವವರೂ ಇದ್ದೀರಿ. ಇರಬಹುದು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನವರು ಏನು ಮಾಡಿದರು? ಹೆಚ್ಚಿನದನ್ನು ತಂದ ಜಾಗಕ್ಕೇ ಮರಳಿ ಸುರಿದು ಬರುವಂತೆ ಹೇಳಿದರು. ಹೊಲ ಮಾರಿ ಕೊಂಡ ಕುರ್ಚಿಯಲ್ಲಿ ಕುಳಿತವನು ಮೊದಲ ದಿನದಿಂದಲೇ ಆ ಹೊಲದ ಬೆಲೆಯನ್ನು ಬಡವರ ಕಿಸೆಯಿಂದ ತೆಗೆಯಲು ನೋಡುತ್ತಾನೆ. ಇಲಾಖೆಯಲ್ಲಿದ್ದು ಇದನ್ನು ಕಣ್ಣಾರೆ ಕಂಡಿದ್ದೇನೆ. ಅಂಥ ಸಂಬಳ ಮನೆಗೆ ಬಂದರೆ ಲಕ್ಕಮ್ಮನ ಹಾಗೆ ಮರಳಿ ಕಳಿಸುವ ತಾಯಂದಿರು ಇಲ್ಲಿ ಎಷ್ಟು ಮಂದಿ ಇದ್ದೀರಿ?

ಕೊನೆಯದಾಗಿ ಸಮಾಜಕ್ಕೂ ಶ್ರೀಮಠಕ್ಕೂ ಒಂದು ವಿನಂತಿ. ನಮ್ಮ ಹಿರಿಯರ ಕಾಲದಲ್ಲಿ ದೊಡ್ಡ ಕೊರತೆ ವಿದ್ಯೆಯದು. 1910ರಲ್ಲಿ ವಿಜಯಪುರದಲ್ಲಿ ಫ.ಗು. ಹಳಕಟ್ಟಿಯವರು ಬಿ.ಎಲ್.ಡಿ.ಇ. ಸಂಸ್ಥೆ ಕಟ್ಟಿದರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಶಿಕ್ಷಕರು ಕೆ.ಎಲ್.ಇ. ಸಂಸ್ಥೆ ಕಟ್ಟಿದರು. ಮಠಗಳು ಪ್ರಸಾದನಿಲಯ ತೆರೆದು ಹಳ್ಳಿಯ ಮಕ್ಕಳಿಗೆ ಅನ್ನ ಹಾಕಿ ಓದಿಸಿದವು. ನಾನೂ ಅಂಥ ಒಂದು ಪ್ರಸಾದನಿಲಯದ ರೊಟ್ಟಿ ತಿಂದು ಎಂಜಿನಿಯರ್ ಆದವನು. ಇಂದು ವಿದ್ಯೆ ಇದೆ, ಕೆಲಸದ ದಾರಿ ಗೊತ್ತಿಲ್ಲ. ಈ ಕಾಲದ ದಾಸೋಹ ಅದೇ ಆಗಬೇಕು.

ಇದಕ್ಕೆ ಕಟ್ಟಡ ಬೇಡ, ದೇಣಿಗೆ ಬೇಡ. ಎರಡು ವಹಿ ಸಾಕು. ಒಂದರಲ್ಲಿ ಕೆಲಸ ಬೇಕಾದವರು: ಏನು ಬರುತ್ತದೆ, ಎಷ್ಟು ಮಾಡಿದ್ದಾರೆ, ಎಲ್ಲಿಗೆ ಹೋಗಬಲ್ಲರು. ಇನ್ನೊಂದರಲ್ಲಿ ಆಳು ಬೇಕಾದವರು. ಈ ಸಭೆಯಲ್ಲೇ ಅಂಗಡಿ, ಗಿರಣಿ, ಆಸ್ಪತ್ರೆ, ಶಾಲೆ, ಗುತ್ತಿಗೆ ಕೆಲಸ ನಡೆಸುವವರು ಐವತ್ತು ಮಂದಿಯಾದರೂ ಇದ್ದೀರಿ. ನಿಮಗೆ ಮನುಷ್ಯರು ಬೇಕಾದಾಗ ಮೊದಲು ಮಠಕ್ಕೆ ತಿಳಿಸಿರಿ. ಪತ್ರ ಕೊಟ್ಟು ಕಳಿಸುವುದಕ್ಕಿಂತ, ಹುಡುಗನನ್ನು ಕೂಡಿಸಿಕೊಂಡು ಬಯೋಡೇಟಾ ತಿದ್ದಿ, ನಾಲ್ಕು ಪ್ರಶ್ನೆ ಕೇಳಿ ತಯಾರು ಮಾಡಿ ಕಳಿಸುವುದು ಮೇಲು. ಅದಕ್ಕೆ ನಿವೃತ್ತರಾದ ನಾವು ಇದ್ದೇವೆ. ಬ್ಯಾಂಕಿನವರು, ಶಿಕ್ಷಕರು, ದಾದಿಯರು, ಎಂಜಿನಿಯರುಗಳು ವಾರಕ್ಕೆ ಎರಡು ತಾಸು ಕೊಡೋಣ. ಬರುವವರ ಜಾತಿ-ಪಂಗಡ ಕೇಳುವುದು ಬೇಡ. ಕಲ್ಯಾಣದಲ್ಲಿ ಕೇಳಿರಲಿಲ್ಲ.

ಪೂಜ್ಯರ ಅಪ್ಪಣೆಯಾದರೆ, ಬರುವ ಶನಿವಾರದಿಂದ ಸಂಜೆ ನಾಲ್ಕರಿಂದ ಆರರವರೆಗೆ ನಾನು ಮಠದ ಪಡಸಾಲೆಯಲ್ಲಿ ಕುಳಿತಿರುತ್ತೇನೆ. ನೌಕರಿ ಹೋದವರು ಬರಲಿ. ನನ್ನ ಮಗನೂ ಆಗಾಗ ಬರುತ್ತೇನೆ ಎಂದಿದ್ದಾನೆ. ಪುಣೆಯಲ್ಲಿ ಪಡೆಯುತ್ತಿದ್ದ ಸಂಬಳದ ಮೂರರಲ್ಲಿ ಎರಡು ಪಾಲು ಈಗ ಅವನಿಗೆ ಬರುತ್ತದೆ. ಮನೆ ನಡೆಯುತ್ತದೆ, ರಾತ್ರಿ ನಿದ್ದೆ ಬರುತ್ತದೆ. ಡಬ್ಬಿ ಹಿಡಿದು ಉದ್ಯಾನದಲ್ಲಿ ಕುಳಿತ ಆ ದಿನಗಳ ಮಾತನ್ನು ಈ ಸಭೆಯಲ್ಲಿ ಹೇಳಲೇ ಎಂದು ಅವನನ್ನು ಕೇಳಿದೆ. "ಹೇಳ್ರಿ ಅಪ್ಪಾ, ಅಲ್ಲಿ ಯಾರರ ಒಬ್ಬ ಹಂಗ ಕುಂತಿರತಾನ" ಎಂದ.

ಇಲ್ಲಿ ಹಾಗೆ ಕುಳಿತವರು ಇದ್ದರೆ, ಇಂದು ಪ್ರಸಾದದ ಪಂಕ್ತಿಯಲ್ಲಿ ಪಕ್ಕದವರಿಗೆ ನಿಜ ಹೇಳಿರಿ. ಪಕ್ಕದಲ್ಲಿ ಕುಳಿತವರು ಕಿವಿಗೊಟ್ಟು ಕೇಳಿರಿ.